ವೆಳ್ಳವತ್ತೆ: ಸುಟ್ಟ ಕೇರಿಗೇ ಜನ ಮತ್ತೆ ಯಾಕೆ ಬಂದರು?

ಕಡಲತಡಿ

ಶ್ರೀಲಂಕಾ ಪ್ರವಾಸದ ಚರ್ಚೆಯಲ್ಲಿ ಒಬ್ಬರು ಕೊಲಂಬೊದ ವೆಳ್ಳವತ್ತೆಯ ಫೋಟೊ ಹಾಕಿದ್ದರು. ಸೀರೆ ಅಂಗಡಿ, ಚಿನ್ನದ ಅಂಗಡಿ, ಸಾಲು ಸಾಲು ಫ್ಲ್ಯಾಟು. ಕೆಳಗೆ, "ತಮಿಳರು ಇಷ್ಟು ಚೆನ್ನಾಗಿದ್ದಾರೆ, ಯುದ್ಧದ ಕಥೆಯಲ್ಲಿ ಉತ್ಪ್ರೇಕ್ಷೆ ಜಾಸ್ತಿ" ಅಂತ ಬರೆದಿದ್ದರು. ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ಎರಡು ಸಾಲಿನಲ್ಲಿ ಮುಗಿಯುವ ಮಾತೂ ಅಲ್ಲ, ಹಾಗಾಗಿ ಬೇರೆಯಾಗಿ ಬರೆಯುತ್ತಿದ್ದೇನೆ.

ಕೆಲಸದ ಮೇಲೆ ನಾನು ಕೊಲಂಬೊದಲ್ಲಿ ಕೆಲವು ವರ್ಷ ಇದ್ದೆ. ಬಾಡಿಗೆ ಮನೆ ಸಿಕ್ಕಿದ್ದು ವೆಳ್ಳವತ್ತೆಯಲ್ಲೇ. ಅಂಚೆ ವಿಳಾಸದಲ್ಲಿ ಅದು ಕೊಲಂಬೊ 06. ಗಾಲೆ ರಸ್ತೆ ಊರಿನ ಬೆನ್ನೆಲುಬು. ಅದರಿಂದ ಪಶ್ಚಿಮಕ್ಕೆ ಇಳಿಯುವ ಗಲ್ಲಿಗಳೆಲ್ಲ ಸಮುದ್ರದ ಕಡೆಗೇ ಹೋಗುತ್ತವೆ. ಕೊನೆಯಲ್ಲಿ ಮರೀನ್ ಡ್ರೈವ್, ಆಮೇಲೆ ರೈಲು ಹಳಿ, ಆಮೇಲೆ ಕಲ್ಲು ಮತ್ತು ಅಲೆ. ಒಂದೊಂದು ಗಲ್ಲಿಯಲ್ಲೂ ಐದಾರು ಮಹಡಿಯ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ಎಲ್ಲೋ ಒಂದು ಹಳೇ ಹೆಂಚಿನ ಮನೆ, ಮುಂದೆ ಮಾವಿನ ಮರ.

ಜನ ಇದನ್ನು ಪುಟ್ಟ ಜಾಫ್ನಾ ಅನ್ನುತ್ತಾರೆ. ಜಾಫ್ನಾ ಅಂದರೆ ದೇಶದ ಉತ್ತರ ತುದಿಯ ತಮಿಳರ ಊರು. ಅಂಗಡಿಯಲ್ಲಿ ತಾಳೆಗೆಡ್ಡೆಯ ಒಡಿಯಲ್, ಜಾಫ್ನಾ ಖಾರದ ಪುಡಿ, ಎಳ್ಳೆಣ್ಣೆ, ಎಲ್ಲ ಸಿಗುತ್ತದೆ. ಹಾಗಾಗಿ ಹೊಸಬರಿಗೆ ಇದು ನೂರಾರು ವರ್ಷದ ತಮಿಳು ಕೇರಿ ಅನಿಸುತ್ತದೆ. ನನಗೂ ಮೊದಲು ಹಾಗೇ ಹೇಳಿದ್ದರು. ಆದರೆ ಈಗ ಕಾಣುವ ವೆಳ್ಳವತ್ತೆಯ ಹೆಚ್ಚಿನ ಭಾಗ ಸೇನೆಗೂ ತಮಿಳು ಬಂಡುಕೋರರಿಗೂ ಯುದ್ಧ ಶುರುವಾದ ಮೇಲೆ ಹುಟ್ಟಿದ್ದು. ಫೋಟೊದಲ್ಲಿ ಕಾಣುವ ಆ ಫ್ಲ್ಯಾಟುಗಳು ಯುದ್ಧ ಅಷ್ಟೇನಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಯುದ್ಧ ಆಗದಿದ್ದರೆ ಅವು ಅಲ್ಲಿ ಇರುತ್ತಲೇ ಇರಲಿಲ್ಲ.

ಓದುಗಿ ಧಾರವಾಡ

ಹಾಗಾದರೆ ಮೊದಲು ಅಲ್ಲಿ ಯಾರಿದ್ದರು? ತಮಿಳರು ಮುಂಚೆಯೂ ಇದ್ದರು ಅಲ್ವಾ? ರಾಮಕೃಷ್ಣ ಮಿಷನ್ ಕೂಡ ಅಲ್ಲೇ ಇದೆ ಅಂತ ಓದಿದ ನೆನಪು.

ಕಡಲತಡಿ

ಖಂಡಿತ ಇದ್ದರು. ಜಾಫ್ನಾದಿಂದ ಬಂದ ಸರ್ಕಾರಿ ಗುಮಾಸ್ತರು, ಡಾಕ್ಟರು, ವಕೀಲರು, ಲೆಕ್ಕಿಗರು. ರಾಮಕೃಷ್ಣ ಮಿಷನ್ ಇದೆ, ಅದರ ಹೆಸರಿನ ರಸ್ತೆಯೂ ಇದೆ. 1942ರಲ್ಲಿ ಶುರುವಾದ ಕೊಲಂಬೊ ತಮಿಳು ಸಂಘದ ಕಟ್ಟಡವೂ ಇಲ್ಲೇ. ಆದರೆ ಅವರ ಜೊತೆ ದೇಶದ ಬಹುಸಂಖ್ಯಾತರಾದ ಸಿಂಹಳೀಯರು, ಮುಸ್ಲಿಮರು, ಡಚ್ಚರ ಕಾಲದ, ಯುರೋಪ್ ಮೂಲದ, ಇಂಗ್ಲಿಷ್ ಮಾತಾಡುವ ಬರ್ಗರ್ ಕುಟುಂಬಗಳು, ಎಲ್ಲ ಬೆರೆತಿದ್ದರು. ಹಿಂದೆ ಹೈ ಸ್ಟ್ರೀಟ್ ಆಗಿದ್ದ ರಸ್ತೆಗೆ ಈಗ ಸಿಂಹಳ ಕಾದಂಬರಿಕಾರ ಡಬ್ಲ್ಯು. ಎ. ಸಿಲ್ವ ಹೆಸರಿದೆ. ಒಂದು ದೊಡ್ಡ ನೂಲಿನ ಗಿರಣಿ ಇತ್ತು, ಅಲ್ಲಿ ಮಲಯಾಳಿ ಕಾರ್ಮಿಕರು ತುಂಬಾ ಇದ್ದರು. 1933ರ ಮುಷ್ಕರ ಅಲ್ಲಿನ ಕಾರ್ಮಿಕ ಚಳವಳಿಯಲ್ಲಿ ದೊಡ್ಡ ಹೆಸರು. ಆ ಗಿರಣಿಯ ಜಾಗದಲ್ಲಿ ಈಗ ಹ್ಯಾವ್ಲಾಕ್ ಸಿಟಿ ಅನ್ನುವ ಭಾರಿ ಅಪಾರ್ಟ್‌ಮೆಂಟುಗಳಿವೆ.

1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಅನ್ನುವ ಕಾನೂನು ಬಂತು. ಆಮೇಲೆ ಬರ್ಗರ್ ಕುಟುಂಬಗಳು ಒಂದೊಂದಾಗಿ ಆಸ್ಟ್ರೇಲಿಯಾ ಕಡೆ ಹೊರಟವು. 1958ರಲ್ಲಿ, 1977ರಲ್ಲಿ ತಮಿಳರ ಮೇಲೆ ಗಲಭೆಗಳಾದವು. 1958ರಲ್ಲೇ ಕೊಲಂಬೊದ ತಮಿಳರನ್ನು ಹಡಗು ಹತ್ತಿಸಿ ಉತ್ತರಕ್ಕೆ ಕಳಿಸಿದ್ದರು. ಅವರಲ್ಲಿ ತುಂಬಾ ಜನ ವಾಪಸ್ ಬಂದರು. ಕೆಲಸ, ಮಕ್ಕಳ ಶಾಲೆ, ಕಟ್ಟಿದ ಮನೆ ಎಲ್ಲ ಇಲ್ಲಿದ್ದವು.

ಬಯಲುಸೀಮೆ

1983ರ ಗಲಭೆಯನ್ನೂ ಸ್ವಲ್ಪ ಬಿಡಿಸಿ ಹೇಳಿ. ಕಪ್ಪು ಜುಲೈ ಅಂತ ಹೆಸರು ಕೇಳಿದ್ದೇವೆ, ಅಷ್ಟೇ.

ಮೇಷ್ಟ್ರು ಮಂಡ್ಯ

ನಾನು ಹೇಳುತ್ತೇನೆ. ಈ ವಿಷಯ ಓದಿಕೊಂಡು ಬಂದಿದ್ದೇನೆ.

1983ರ ಜುಲೈ 23ರ ರಾತ್ರಿ ಜಾಫ್ನಾ ಹತ್ತಿರದ ತಿರುನೆಲ್ವೇಲಿಯಲ್ಲಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಹೊಂಚುಹಾಕಿ 13 ಸೈನಿಕರನ್ನು ಕೊಂದಿತು. ಮರುದಿನ ಸಂಜೆ ಅವರ ಅಂತ್ಯಕ್ರಿಯೆಗೆ ಅಂತ ಕೊಲಂಬೊದ ಬೊರೆಳ್ಳ ಸ್ಮಶಾನದಲ್ಲಿ ಜನ ಸೇರಿದರು. ಹೆಣಗಳು ಬರುವುದು ತಡವಾಯಿತು, ಗುಂಪು ಕೆರಳಿತು. ಅಲ್ಲಿಂದ ಬೆಂಕಿ ಶುರು. 25ರ ಸೋಮವಾರ ಅದು ವೆಳ್ಳವತ್ತೆ, ಬಂಬಲಪಿಟಿಯ, ದೆಹಿವಲ ಎಲ್ಲ ಕಡೆ ಹಬ್ಬಿತು.

ಗಮನಿಸಬೇಕಾದ್ದು ಒಂದಿದೆ. ದಾಳಿ ಮಾಡಿದವರಲ್ಲಿ ಹಲವರ ಕೈಯಲ್ಲಿ ಮತದಾರರ ಪಟ್ಟಿ ಇತ್ತು. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ನೋಡಿಕೊಂಡು ಬಂದಿದ್ದರು. ಬಾಡಿಗೆಗೆ ತಮಿಳರಿದ್ದು ಮಾಲೀಕ ಸಿಂಹಳೀಯನಾದರೆ ಸಾಮಾನು ಮಾತ್ರ ಬೀದಿಗೆ ಎಳೆದು ಸುಟ್ಟು, ಗೋಡೆ ಉಳಿಸಿದ ಉದಾಹರಣೆಗಳಿವೆ. ಇದಕ್ಕೆ ಬರೀ ಸಿಟ್ಟಿಗೆದ್ದ ಗುಂಪು ಅನ್ನಲು ಆಗುವುದಿಲ್ಲ. 25ರಂದು ಮತ್ತು 27ರಂದು ಕೊಲಂಬೊದ ವೆಲಿಕಡ ಜೈಲಿನೊಳಗೇ 53 ತಮಿಳು ಕೈದಿಗಳನ್ನು ಕೊಂದರು.

ಸತ್ತವರು ಎಷ್ಟು ಅಂದರೆ ಸರ್ಕಾರದ ಲೆಕ್ಕ ನಾನೂರರ ಆಸುಪಾಸು, ಬೇರೆಯವರ ಅಂದಾಜು 3,000ದವರೆಗೆ. ಲಕ್ಷದಷ್ಟು ಜನ ಮನೆಮಠ ಬಿಟ್ಟು ಶಾಲೆ, ಗುಡಿ, ರತ್ಮಲಾನದ ವಿಮಾನ ನಿಲ್ದಾಣದ ಹ್ಯಾಂಗರುಗಳಲ್ಲಿ ಮಲಗಿದರು. ಅಧ್ಯಕ್ಷ ಜಯವರ್ಧನೆ ಟಿವಿಯಲ್ಲಿ ಬಂದು ಮಾತಾಡಿದ್ದು 28ಕ್ಕೆ. ತಮಿಳರಿಗೆ ಒಂದು ಸಾಂತ್ವನದ ಮಾತೂ ಅದರಲ್ಲಿ ಇರಲಿಲ್ಲ. ಸರ್ಕಾರದ ಮುಖ್ಯಸ್ಥರೊಬ್ಬರು ಇದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 2004ರಲ್ಲಿ, ಚಂದ್ರಿಕಾ ಕುಮಾರತುಂಗ.

ಮತ್ತೆ ಹಡಗು ಬಂತು. ಸರಕು ಹಡಗುಗಳಲ್ಲೂ ಜನರನ್ನು ತುಂಬಿ ಉತ್ತರದ ಕಾಂಕೇಸಂತುರೈ ಬಂದರಿಗೆ ಕಳಿಸಿದರು. ಸುಟ್ಟುಹೋದ ಆಸ್ತಿಯನ್ನೆಲ್ಲ ಸರ್ಕಾರ ತುರ್ತು ನಿಯಮದ ಕೆಳಗೆ ತನ್ನ ವಶಕ್ಕೆ ತೆಗೆದುಕೊಂಡಿತು. ಕಾಪಾಡುವ ಸಲುವಾಗಿ ಅಂತ ಕಾರಣ ಕೊಟ್ಟರು. ತನ್ನದೇ ಮನೆಯ ಗೋಡೆ ವಾಪಸ್ ಪಡೆಯಲು ಮಾಲೀಕ ಕಚೇರಿ ಅಲೆಯಬೇಕಾಯಿತು.

ಓದುಗಿ ಧಾರವಾಡ

ಮೇಷ್ಟ್ರೇ, ಇದನ್ನೂ ಸೇರಿಸಿ. ಅಕ್ಕಪಕ್ಕದ ಸಿಂಹಳೀಯರು, ಮುಸ್ಲಿಮರು ಬಚ್ಚಿಟ್ಟು ಕಾಪಾಡಿದ ಮನೆಗಳೂ ಬೇಕಾದಷ್ಟಿವೆ. ಬದುಕಿ ಉಳಿದವರ ನೆನಪುಗಳಲ್ಲಿ ಪಕ್ಕದ ಮನೆಯ ಅಮ್ಮನೊಬ್ಬರು ಹೆಚ್ಚುಕಡಿಮೆ ಪ್ರತಿ ಸಲ ಬರುತ್ತಾರೆ.

ಮೇಷ್ಟ್ರು ಮಂಡ್ಯ

ನಿಜ. ಅದನ್ನು ಬಿಟ್ಟು ಈ ಕಥೆ ಹೇಳಬಾರದು.

ಕೊಪ್ಪದ ಕಾಫಿ

ನನಗೆ ಅರ್ಥವಾಗದ್ದು ಒಂದೇ. ಮನೆ ಸುಟ್ಟರು, ಹಡಗು ಹತ್ತಿಸಿದರು. ಮತ್ತೆ ಅದೇ ಊರಿಗೆ, ಅದೇ ಗಲ್ಲಿಗೆ ಯಾಕೆ ಬರಬೇಕು? ಕಡಲತಡಿಯವರು ಶೀರ್ಷಿಕೆಯಲ್ಲೇ ಕೇಳಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.

ಕಡಲತಡಿ

ಅಲ್ಲಿಗೇ ಬರುತ್ತಿದ್ದೆ.

1983ರಲ್ಲಿ ಹೊರಟವರಲ್ಲಿ ತುಂಬಾ ಜನ ಈ ಊರಿಗೆ ಬರಲೇ ಇಲ್ಲ. ಲಂಡನ್, ಮೆಲ್ಬರ್ನ್, ಟೊರಾಂಟೊ, ಚೆನ್ನೈ ಸೇರಿದರು. ಆಮೇಲಿನ ವರ್ಷಗಳಲ್ಲಿ ವೆಳ್ಳವತ್ತೆಯನ್ನು ತುಂಬಿದವರಲ್ಲಿ ಹೆಚ್ಚಿನವರು ಬೇರೆ. ಯುದ್ಧದಿಂದ ತಪ್ಪಿಸಿಕೊಂಡು ಉತ್ತರ, ಪೂರ್ವದಿಂದ ಬಂದವರು.

1990ರ ಜೂನ್‌ನಲ್ಲಿ ಯುದ್ಧ ಮತ್ತೆ ಶುರುವಾಯಿತು. ಕೊಲಂಬೊ ಮತ್ತು ಜಾಫ್ನಾ ನಡುವೆ ಓಡುತ್ತಿದ್ದ ಯಾಳ್ ದೇವಿ ರೈಲು ನಿಂತಿತು. ಜಾಫ್ನಾಗೆ ಮತ್ತೆ ರೈಲು ಹೋಗಿದ್ದು 2014ರ ಅಕ್ಟೋಬರ್‌ನಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಜಾಫ್ನಾ ಪರ್ಯಾಯ ದ್ವೀಪದಿಂದ ಹೊರಬರಲು ರಾತ್ರಿ ಹೊತ್ತು ಕಿಲಾಲಿ ಹಿನ್ನೀರನ್ನು ದೋಣಿಯಲ್ಲಿ ದಾಟಬೇಕಿತ್ತು. ನೌಕಾಪಡೆಯ ಗುಂಡಿನ ಭಯ ಒಂದು ಕಡೆ. ಇನ್ನೊಂದು ಕಡೆ ಎಲ್‌ಟಿಟಿಇ ಪಾಸ್. ಅವರ ಅನುಮತಿ ಇಲ್ಲದೆ, ವಾಪಸ್ ಬರುತ್ತೇನೆ ಅನ್ನುವುದಕ್ಕೆ ಜಾಮೀನು ಕೊಡದೆ ಯಾರೂ ಹೊರಡುವಂತಿರಲಿಲ್ಲ. 1995ರ ಅಕ್ಟೋಬರ್ ಕೊನೆಯಲ್ಲಿ ಸೇನೆ ಜಾಫ್ನಾ ಪಟ್ಟಣದ ಹತ್ತಿರ ಬಂದಾಗ ಎಲ್‌ಟಿಟಿಇ ಎಲ್ಲರೂ ಊರು ಬಿಡಿ ಅಂದಿತು. ಮಳೆಯಲ್ಲಿ, ಒಂದೇ ರಸ್ತೆಯಲ್ಲಿ, ಲಕ್ಷಗಟ್ಟಲೆ ಜನ ನಡೆದು ಹೊರಟರು.

ಅಂಥವರಿಗೆ ಕೊಲಂಬೊ ಯಾಕೆ? ಪಾಸ್‌ಪೋರ್ಟ್ ಕಚೇರಿ ಇಲ್ಲಿದೆ. ರಾಯಭಾರ ಕಚೇರಿಗಳು, ವಿಮಾನ, ದೊಡ್ಡ ಆಸ್ಪತ್ರೆ, ವಿದೇಶದ ಅಣ್ಣ ಹಣ ಕಳಿಸಿದರೆ ಕೈಗೆ ಸಿಗುವ ಬ್ಯಾಂಕು, ಎಲ್ಲ ಇಲ್ಲೇ. ದೇಶ ಬಿಡಬೇಕಾದರೂ ಮೊದಲು ರಾಜಧಾನಿಗೆ ಬರಲೇಬೇಕು. ಆ ರಾಜಧಾನಿಯಲ್ಲಿ ತಮಿಳು ಮಾತಾಡಿದರೆ ಕೋಣೆ ಸಿಗುವ ಜಾಗಗಳಲ್ಲಿ ವೆಳ್ಳವತ್ತೆ ಮುಖ್ಯವಾದದ್ದು. ದೇವಸ್ಥಾನ ಇತ್ತು, ತಮಿಳು ಶಾಲೆ ಇತ್ತು, ಗುರುತಿನವರ ಗುರುತಿನವರಾದರೂ ಇದ್ದರು. ಸುರಕ್ಷಿತ ಅಂತ ಯಾರೂ ಬರಲಿಲ್ಲ. ವಿಮಾನದಿಂದ ಬಾಂಬು ಬೀಳದ ಊರು ಅಂತ ಬಂದರು.

ಮೊದಲು ಬಂದದ್ದು ಲಾಡ್ಜುಗಳು. ಒಂದು ಕೋಣೆಯಲ್ಲಿ ನಾಲ್ಕೈದು ಹುಡುಗರು, ವಿದೇಶಕ್ಕೆ ಕಳಿಸುವ ಏಜೆಂಟ್ ಫೋನಿಗೆ ಕಾಯುತ್ತಾ ತಿಂಗಳುಗಟ್ಟಲೆ. ವೀಸಾಗೆ ಕಾಯುವ ಮದುಮಗಳು, ಜೊತೆಗೆ ಅಮ್ಮ. ಕಣ್ಣಿನ ಆಪರೇಷನ್‌ಗೆ ಬಂದ ಅಜ್ಜ. ಆಮೇಲೆ ಹೊರದೇಶದ ದುಡ್ಡು ಬರತೊಡಗಿತು. ಹಳೇ ಮನೆ ಕೆಡವಿ ಫ್ಲ್ಯಾಟ್ ಕಟ್ಟುವವರು ಬಂದರು. ಅಪ್ಪ ಅಮ್ಮನಿಗೆ ಅಂತ ಮಕ್ಕಳು ಕೊಂಡರು. ಕಾರು ತಿರುಗಿಸಲು ಆಗದ ಗಲ್ಲಿಗಳಲ್ಲಿ ಅಷ್ಟೊಂದು ಕಟ್ಟಡ ಎದ್ದಿದ್ದು ಹೀಗೆ.

ಟೊರಾಂಟೊ ಕನ್ನಡತಿ

ಇದನ್ನು ಓದುತ್ತಾ ನಮ್ಮ ಪಕ್ಕದ ಮನೆಯವರು ಕಣ್ಣ ಮುಂದೆ ಬಂದರು. ನಾವಿರುವುದು ಟೊರಾಂಟೊದ ಸ್ಕಾರ್ಬರೊದಲ್ಲಿ. ಇಲ್ಲಿ ಶ್ರೀಲಂಕಾ ತಮಿಳರು ತುಂಬಾ ಇದ್ದಾರೆ. ನಮಗೆ ಇಡ್ಲಿ ಅಕ್ಕಿ, ಕರಿಬೇವು ಸಿಗುವುದೂ ಅವರ ಅಂಗಡಿಗಳಿಂದಲೇ.

ಪಕ್ಕದ ಮನೆಯ ಆಂಟಿಗೆ ವೆಳ್ಳವತ್ತೆಯಲ್ಲಿ ಒಂದು ಫ್ಲ್ಯಾಟ್ ಇದೆ. ತೊಂಬತ್ತರ ದಶಕದಲ್ಲಿ ಗಂಡ ಹೆಂಡತಿ ಇಬ್ಬರೂ ಇಲ್ಲಿ ಎರಡೆರಡು ಪಾಳಿ ದುಡಿದು ಕೊಂಡದ್ದು. ಜಾಫ್ನಾದ ಮನೆ ಸೇನೆಯ ಹೈ ಸೆಕ್ಯುರಿಟಿ ವಲಯದೊಳಗೆ ಸೇರಿಹೋಗಿತ್ತು. ಅತ್ತೆ ಮಾವನಿಗೆ ಎಲ್ಲಾದರೂ ಒಂದು ಸೂರು ಬೇಕಿತ್ತು. ಆ ಹಿರಿಯರಿಬ್ಬರೂ ಅಲ್ಲೇ ತೀರಿಕೊಂಡರು, ಹುಟ್ಟಿದ ಊರು ಮತ್ತೆ ನೋಡಲಿಲ್ಲ. ಆಂಟಿ ಒಂದು ಮಾತು ಹೇಳುತ್ತಿರುತ್ತಾರೆ: ಮಾವ ಕೊನೆವರೆಗೂ ಆ ಫ್ಲ್ಯಾಟನ್ನು ಮನೆ ಅನ್ನಲಿಲ್ಲವಂತೆ, ಕೋಣೆ ಅನ್ನುತ್ತಿದ್ದರಂತೆ.

ಕಡಲತಡಿ

ನಾನಿದ್ದ ಮಹಡಿಯಲ್ಲೂ ಅಂಥ ಬೀಗ ಹಾಕಿದ ಬಾಗಿಲುಗಳಿದ್ದವು. ವರ್ಷದಲ್ಲಿ ಒಮ್ಮೆ, ಬಹುಪಾಲು ಜುಲೈ ಆಗಸ್ಟ್‌ನಲ್ಲಿ, ತೆರೆಯುತ್ತಿದ್ದವು. ಹಿಂದಿನ ದಿನ ಕಾವಲುಗಾರ ಬಂದು ಫ್ಯಾನಿಗೆ ಸುತ್ತಿದ್ದ ಪ್ಲಾಸ್ಟಿಕ್ ಬಿಚ್ಚುತ್ತಿದ್ದ, ಸಮುದ್ರದ ಉಪ್ಪಿಗೆ ತುಕ್ಕು ಹಿಡಿದ ಕಿಟಕಿ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದ. ಮಕ್ಕಳು ಇಂಗ್ಲಿಷ್, ಫ್ರೆಂಚ್, ಜರ್ಮನ್ ಮಾತಾಡುತ್ತಾ ಮೆಟ್ಟಿಲು ಹತ್ತುತ್ತಿದ್ದರು. ಮದುವೆ, ಜಾಫ್ನಾದ ನಲ್ಲೂರು ಜಾತ್ರೆ, ಸೀರೆ ಖರೀದಿ ಎಲ್ಲ ಮುಗಿದ ಮೇಲೆ ಫ್ಯಾನಿಗೆ ಮತ್ತೆ ಪ್ಲಾಸ್ಟಿಕ್.

ನೇರಮಾತು

ಎಲ್ಲ ಸರಿ. ಆದರೆ ಇಲ್ಲಿ ಒಂದೇ ಕಡೆಯ ನೋವು ಬರುತ್ತಿದೆ. ಎಲ್‌ಟಿಟಿಇ ಕೊಲಂಬೊದಲ್ಲಿ ಮಾಡಿದ್ದೇನು ಕಡಿಮೆಯಾ? ಸಾಮಾನ್ಯ ಸಿಂಹಳೀಯ ಬಸ್ಸು ಹತ್ತಲು ಹೆದರುತ್ತಿದ್ದ ಕಾಲ ಅದು. ಪೊಲೀಸರು ತಪಾಸಣೆ ಮಾಡದೆ ಇನ್ನೇನು ಮಾಡಬೇಕಿತ್ತು?

ಮೇಷ್ಟ್ರು ಮಂಡ್ಯ

ಕಡಿಮೆ ಅಂತ ಯಾರೂ ಹೇಳಿಲ್ಲ. 1996ರ ಜನವರಿ 31ರಂದು ಸೆಂಟ್ರಲ್ ಬ್ಯಾಂಕಿಗೆ ಬಾಂಬು ತುಂಬಿದ ಲಾರಿ ನುಗ್ಗಿಸಿದರು. 90ಕ್ಕೂ ಹೆಚ್ಚು ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನಕ್ಕೆ ಗಾಯ. ಅದೇ ವರ್ಷ ಜುಲೈ 24ರಂದು ದೆಹಿವಲ ನಿಲ್ದಾಣದಲ್ಲಿ ರೈಲಿನಲ್ಲಿ ಬಾಂಬು, ಕೆಲಸ ಮುಗಿಸಿ ಮನೆಗೆ ಹೊರಟ ಅರವತ್ತಕ್ಕೂ ಹೆಚ್ಚು ಜನ ಹೋದರು. ದೆಹಿವಲ ಅಂದರೆ ವೆಳ್ಳವತ್ತೆಯ ಪಕ್ಕದ ನಿಲ್ದಾಣ. ಅದೇ ಎಲ್‌ಟಿಟಿಇ 1990ರ ಅಕ್ಟೋಬರ್‌ನಲ್ಲಿ ಉತ್ತರದ ಮುಸ್ಲಿಮರನ್ನು, ಸುಮಾರು 70 ಸಾವಿರ ಜನರನ್ನು, ಓಡಿಸಿತು. ಜಾಫ್ನಾ ಪಟ್ಟಣದವರಿಗೆ ಕೊಟ್ಟಿದ್ದು ಬರೀ ಎರಡು ಗಂಟೆ. ಅವರಲ್ಲಿ ಬಹಳಷ್ಟು ಜನ ಪುತ್ತಳಂ ಕಡೆ ಗುಡಿಸಲುಗಳಲ್ಲಿ ದಶಕಗಟ್ಟಲೆ ಕಳೆದರು.

ಆದರೆ ತಪಾಸಣೆ ಬೇರೆ, ಇಡೀ ಕೇರಿಯನ್ನೇ ಅನುಮಾನದ ಪಟ್ಟಿಗೆ ಸೇರಿಸುವುದು ಬೇರೆ. ಬಾಂಬು ಇಟ್ಟವನಿಗೂ, ಅವನಿಗೇ ಹೆದರಿ ಊರು ಬಿಟ್ಟು ಬಂದವನಿಗೂ ಒಂದೇ ತಕ್ಕಡಿ ಹಿಡಿದರು. ಅಲ್ಲೇ ತಪ್ಪಾಗಿದ್ದು.

ಕಡಲತಡಿ

ನೇರಮಾತು ಅವರ ಪ್ರಶ್ನೆಗೆ ಕಣ್ಣಾರೆ ಕಂಡ ಒಂದು ವಸ್ತುವಿನಿಂದ ಉತ್ತರಿಸುತ್ತೇನೆ.

ನನ್ನ ಮನೆ ಮಾಲಕಿ ಹಿರಿಯರು, ನಿವೃತ್ತ ಟೀಚರ್. ಅವರ ಬಾಗಿಲ ಹಿಂದಿನ ಮೊಳೆಗೆ ಒಂದು ಪ್ಲಾಸ್ಟಿಕ್ ಫೈಲ್ ನೇತಾಡುತ್ತಿತ್ತು. ಒಳಗೆ ಪೊಲೀಸ್ ಠಾಣೆಯ ಮೊಹರು ಇದ್ದ ನೋಂದಣಿ ಹಾಳೆಗಳು. ಮನೆಯಲ್ಲಿ ಯಾರಿದ್ದಾರೆ, ಎಲ್ಲಿಂದ ಬಂದರು, ಯಾಕೆ ಬಂದರು, ಎಷ್ಟು ದಿನ ಇರುತ್ತಾರೆ, ಎಲ್ಲ ಅದರಲ್ಲಿ. ನೆಂಟರು ಬಂದರೆ ಅವರ ಹೆಸರನ್ನೂ ಹೋಗಿ ಬರೆಸಬೇಕಿತ್ತು. ನಡುರಾತ್ರಿ ಬಾಗಿಲು ಬಡಿದಾಗ ದೀಪ ಹಾಕುವ ಮೊದಲೇ ಕೈ ಆ ಮೊಳೆಗೆ ಹೋಗುತ್ತಿತ್ತಂತೆ. ಹಾಳೆಯಲ್ಲಿರುವ ತಲೆ ಎಷ್ಟು, ಹಾಸಿಗೆಯಲ್ಲಿರುವ ತಲೆ ಎಷ್ಟು ಅಂತ ಎಣಿಸುತ್ತಿದ್ದರು. ಲೆಕ್ಕ ತಪ್ಪಿದರೆ ಜೀಪು.

ಗುರುತಿನ ಚೀಟಿಯೂ ಹಾಗೇ. ಆ ಕಾಲದಲ್ಲಿ ಸಿಂಹಳೀಯರ ಚೀಟಿಯಲ್ಲಿ ಬರೀ ಸಿಂಹಳ ಇರುತ್ತಿತ್ತು. ತಮಿಳರ ಚೀಟಿಯಲ್ಲಿ ಎರಡೂ ಲಿಪಿ. ಚೆಕ್‌ಪೋಸ್ಟಿನಲ್ಲಿ ಹೆಸರು ಓದುವ ಮೊದಲೇ ಗೊತ್ತಾಗುತ್ತಿತ್ತು. ಹುಟ್ಟಿದ ಊರು ಜಾಫ್ನಾ ಅಂತ ಇದ್ದರೆ ಇನ್ನೂ ಹೆಚ್ಚಿನ ಪ್ರಶ್ನೆ.

2007ರದ್ದು ಇದರ ತುದಿ. ಜೂನ್ 7ರ ಬೆಳಗಿನ ಜಾವ ಪೊಲೀಸರು ವೆಳ್ಳವತ್ತೆ, ಪೆಟ್ಟಾ, ಕೊಟಹೇನ ಕಡೆಯ ಲಾಡ್ಜುಗಳಿಗೆ ನುಗ್ಗಿದರು. ಕೊಲಂಬೊದಲ್ಲಿ ಇರಲು ತಕ್ಕ ಕಾರಣವಿಲ್ಲ ಅಂತ 376 ತಮಿಳರನ್ನು ಬಸ್ಸು ಹತ್ತಿಸಿದರು. ಸಾಮಾನು ಕಟ್ಟಿಕೊಳ್ಳಲು ಅರ್ಧ ಗಂಟೆ. ಬಹುಪಾಲು ಜನರನ್ನು ಉತ್ತರದ ವವುನಿಯಾಕ್ಕೆ ಒಯ್ದರು. ಅವರಲ್ಲಿ ಹೆಂಗಸರಿದ್ದರು, ಚಿಕಿತ್ಸೆಗೆ ಬಂದವರಿದ್ದರು. ಮರುದಿನವೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಪ್ರಧಾನಿ ರತ್ನಸಿರಿ ವಿಕ್ರಮನಾಯಕೆ ವಿಷಾದ ಹೇಳಿದರು. ಹಲವರನ್ನು ವಾಪಸ್ ಕರೆತಂದರು. ಕೋರ್ಟಿಗೆ ಹೋದ ಸಂಸ್ಥೆ ಕೊಲಂಬೊದ್ದೇ, ಅದನ್ನು ಖಂಡಿಸಿದವರಲ್ಲಿ ಸಿಂಹಳೀಯರೂ ಇದ್ದರು ಅನ್ನುವುದನ್ನೂ ಹೇಳಬೇಕು.

ಆದರೆ ಯೋಚಿಸಿ. ಸ್ವಂತ ದೇಶದ ರಾಜಧಾನಿಯಲ್ಲಿ ಕೋಣೆ ಬಾಡಿಗೆ ಹಿಡಿಯಲು ಪ್ರಜೆಯೊಬ್ಬ ಕಾರಣ ಕೊಡಬೇಕಾದರೆ, ಅವನು ಒಂದು ಫ್ಲ್ಯಾಟ್ ಕೊಂಡು ಕಾಗದಪತ್ರ ಕೈಯಲ್ಲಿ ಹಿಡಿಯಲು ನೋಡುತ್ತಾನೆ ಅಲ್ವಾ? ಇಲ್ಲಿ ಶ್ರೀಮಂತಿಕೆ ಅಂತ ಕಾಣುವುದರಲ್ಲಿ ಈ ಭಯದ ಪಾಲು ದೊಡ್ಡದು.

ಸುಳ್ಯದವ

ನಮ್ಮ ಊರಿನ ಕಡೆಯ ಒಂದು ಮಾತು. ಸುಳ್ಯ, ಪುತ್ತೂರು ಸುತ್ತ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳರಿದ್ದಾರೆ. ನನ್ನ ಜೊತೆ ಶಾಲೆಯಲ್ಲಿ ಓದಿದವರಿದ್ದರು, ನಮಗಿಂತ ಚೆನ್ನಾಗಿ ಕನ್ನಡ ಬರೆಯುತ್ತಿದ್ದರು, ತುಳುವೂ ಬರುತ್ತಿತ್ತು. ಇವರೂ ಅದೇ ಗಲಭೆಯಿಂದ ಓಡಿ ಬಂದವರಾ?

ಮೇಷ್ಟ್ರು ಮಂಡ್ಯ

ಅವರ ಕಥೆ ಬೇರೆ. ಅವರು ಶ್ರೀಲಂಕಾದ ಬೆಟ್ಟಸೀಮೆಯ ಟೀ ತೋಟದ ತಮಿಳರು. ಬ್ರಿಟಿಷರ ಕಾಲದಲ್ಲಿ ಅವರ ಹಿರಿಯರನ್ನು ತಮಿಳುನಾಡಿನಿಂದ ಒಯ್ದಿದ್ದರು. ಸ್ವಾತಂತ್ರ್ಯ ಬಂದ ಕೂಡಲೇ ಸಿಲೋನ್ (ಶ್ರೀಲಂಕಾದ ಆಗಿನ ಹೆಸರು) ಸರ್ಕಾರ 1948ರ ಕಾನೂನಿನಿಂದ ಅವರಿಗೆ ಪೌರತ್ವ ಇಲ್ಲ ಅಂದಿತು. 1964ರಲ್ಲಿ ಭಾರತದ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಒಪ್ಪಂದ ಮಾಡಿಕೊಂಡು, ಇಷ್ಟು ಜನ ನಿಮಗೆ, ಇಷ್ಟು ಜನ ನಮಗೆ ಅಂತ ಹಂಚಿಕೊಂಡರು. ಭಾರತದ ಪಾಲಿಗೆ ಬಂದವರಲ್ಲಿ ಕೆಲವರಿಗೆ ನಿಮ್ಮ ಕಡೆಯ ರಬ್ಬರ್ ತೋಟದಲ್ಲಿ ಕೆಲಸ ಕೊಟ್ಟರು. ವೆಳ್ಳವತ್ತೆಯವರು ಹೆಚ್ಚಾಗಿ ಜಾಫ್ನಾ ಮೂಲದವರು, ಓದಿದವರು, ವಿದೇಶದಲ್ಲಿ ನೆಂಟರು ಇದ್ದವರು. ತೋಟದವರಿಗೆ ಅದ್ಯಾವುದೂ ಇರಲಿಲ್ಲ.

ಸುಳ್ಯದವ

ಅವರು ಬಂದ ಕಾರಣವನ್ನು ನಮ್ಮ ಊರಿನಲ್ಲಿ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಜೊತೆಯಲ್ಲಿ ಓದಿದ ಗೆಳೆಯನಿಗೆ ಇದನ್ನು ಕಳಿಸುತ್ತೇನೆ.

ಕೊಪ್ಪದ ಕಾಫಿ

ಕಡಲತಡಿ, ಈಗ ಹೇಗಿದೆ? 2009ರಲ್ಲಿ ಯುದ್ಧ ಮುಗಿಯಿತು. ಜನ ಜಾಫ್ನಾಗೆ ವಾಪಸ್ ಹೋದರಾ?

ಕಡಲತಡಿ

ಕೆಲವರು ಹೋದರು. ಜಾಫ್ನಾಗೆ ಹೋಗುವ ಎ9 ಹೆದ್ದಾರಿ ತೆರೆಯಿತು, ರೈಲು ಬಂತು, ಊರಿನ ಮನೆ ದುರಸ್ತಿ ಮಾಡಿಸಿದವರಿದ್ದಾರೆ. ಆದರೆ ಹುಡುಗರು ಕೊಲಂಬೊದಲ್ಲಿ ಓದಿ ಇಲ್ಲೇ ಕೆಲಸ ಹಿಡಿದಿದ್ದಾರೆ. ಅವರಿಗೆ ಜಾಫ್ನಾ ಅಜ್ಜಿ ಮನೆ ಅಷ್ಟೇ. ಸೇನೆ ಹಿಡಿದಿಟ್ಟ ಜಮೀನು ಪೂರ್ತಿ ಬಿಟ್ಟುಕೊಟ್ಟಿಲ್ಲ, ಹಾಗಾಗಿ ಹೋಗಬೇಕೆಂದರೂ ಹೋಗಲಾಗದವರಿದ್ದಾರೆ.

ಊರಿನ ತೊಂದರೆಗಳು ಬೇರೆ ಇವೆ. ಒಂದು ಕುಟುಂಬಕ್ಕೆ ಅಂತ ಹಾಕಿದ್ದ ಚರಂಡಿಗೆ ಈಗ ಇಪ್ಪತ್ತು ಕುಟುಂಬ. ಮಳೆ ಬಂದರೆ ಗಲ್ಲಿ ತುಂಬುತ್ತದೆ. ಹಳೇ ಸಿಂಹಳ ಕುಟುಂಬದವರೊಬ್ಬರು ನನ್ನ ಹತ್ತಿರ, "ನಮ್ಮ ಗಲ್ಲಿಯಲ್ಲಿ ಈಗ ನಮಗೆ ಯಾರ ಗುರುತೂ ಇಲ್ಲ" ಅಂತ ಬೇಸರದಿಂದ ಹೇಳಿದ್ದರು. ಅದು ದ್ವೇಷದ ಮಾತಲ್ಲ. ಅವರ ತಂದೆ 1983ರಲ್ಲಿ ಪಕ್ಕದ ಮನೆಯವರನ್ನು ಅಟ್ಟದಲ್ಲಿ ಕೂರಿಸಿ ಕಾಪಾಡಿದವರು. ಆ ಪಕ್ಕದ ಮನೆಯವರು ಬದುಕಿದರು, ಆದರೆ ವಾಪಸ್ ಬರಲಿಲ್ಲ. ಅವರ ಜಾಗದಲ್ಲಿ ಈಗ ಆರು ಮಹಡಿಯ ಫ್ಲ್ಯಾಟು. ಈ ಹಿರಿಯರಿಗೆ ಅಲ್ಲಿರುವ ಯಾರೂ ಗೊತ್ತಿಲ್ಲ. ಹೀಗೆ ಊರು ಬಿಡದವರಿಗೂ ಊರು ತಪ್ಪಿಹೋಗಿದೆ.

ನೇರಮಾತು

ನಾನು ಕೇಳಿದ್ದು ವಾದಕ್ಕೆ ಅಲ್ಲ. ಮತದಾರರ ಪಟ್ಟಿ, ಪೊಲೀಸ್ ನೋಂದಣಿ, ಗುರುತಿನ ಚೀಟಿ, ಮೂರೂ ಕಾಗದವೇ ನೋಡಿ. ಇವು ಯಾರ ಕೈಯಲ್ಲಿವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಟೊರಾಂಟೊ ಕನ್ನಡತಿಯವರೇ, ನಿಮ್ಮ ಪಕ್ಕದ ಮನೆಯವರು ಆ ಫ್ಲ್ಯಾಟನ್ನು ಏನು ಮಾಡುತ್ತಾರೆ?

ಟೊರಾಂಟೊ ಕನ್ನಡತಿ

ಅದೇ ಮನೆಯಲ್ಲಿ ದೊಡ್ಡ ಚರ್ಚೆ. ಮಗ ಇಲ್ಲೇ ಹುಟ್ಟಿದವನು, ಮಾರಿಬಿಡಿ ಅನ್ನುತ್ತಾನೆ. ನೀರಿನ ಬಿಲ್ಲು, ಕಾವಲುಗಾರನ ಸಂಬಳ, ಲಿಫ್ಟ್ ರಿಪೇರಿ ಎಲ್ಲ ಇಲ್ಲಿಂದಲೇ ಕಳಿಸಬೇಕು. 2022ರಲ್ಲಿ ಅಲ್ಲಿನ ರೂಪಾಯಿ ಕುಸಿದಾಗ, ಈಗ ಮಾರಿದರೆ ಕೈಗೆ ಏನೂ ಬರಲ್ಲ ಅಂತ ನಿಲ್ಲಿಸಿದರು. ಜಾಫ್ನಾದ ಜಮೀನು ಬಿಟ್ಟುಕೊಟ್ಟ ಮೇಲೆ ಅಂಕಲ್ ಒಂದು ಸಲ ಹೋಗಿ ನೋಡಿ ಬಂದರು. ಬಾವಿ ಮಾತ್ರ ಉಳಿದಿದೆಯಂತೆ. ಅಲ್ಲಿ ಕಟ್ಟಲು ದುಡ್ಡು ಬೇಕು, ಆ ದುಡ್ಡು ವೆಳ್ಳವತ್ತೆಯ ಫ್ಲ್ಯಾಟಿನಲ್ಲಿದೆ. ಆಂಟಿಗೆ ಮಾರಲು ಇಷ್ಟವಿಲ್ಲ, ನಾಳೆ ಏನಾದರೂ ಆದರೆ ಏರ್‌ಪೋರ್ಟ್ ಹತ್ತಿರ ಒಂದು ಬಾಗಿಲು ಇರಲಿ ಅನ್ನುತ್ತಾರೆ. ಈ ಸಲ ನಲ್ಲೂರು ಜಾತ್ರೆಗೆ ಇಬ್ಬರೂ ಹೋಗುತ್ತಿದ್ದಾರೆ. ದಲ್ಲಾಳಿಯ ಹತ್ತಿರ ಬೆಲೆ ಕೇಳಿಕೊಂಡು ಬರುತ್ತೇವೆ ಅಂತ ಅಂಕಲ್ ಹೇಳಿದರು. ಆಂಟಿ ಆಗಲೇ ಹೊಸ ಪರದೆ ಬಟ್ಟೆ ತೆಗೆದಿಟ್ಟಿದ್ದಾರೆ.